ಪಿಲೋಸ್ ತೀರದ ಸ್ನಾನಮಂದಿರಗಳು

ಮೆಡಿಟರೇನಿಯನ್ ಸಮುದ್ರವು ಮೂರು ಖಂಡಗಳ ನಡುವೆ ಹರಡಿಕೊಂಡಿರುವ ಜಲರಾಶಿ. ಉತ್ತರದಲ್ಲಿ ಯುರೋಪು, ದಕ್ಷಿಣದಲ್ಲಿ ಆಫ್ರಿಕ, ಪೂರ್ವದಲ್ಲಿ ಏಷ್ಯ. ಪೂರ್ವಕಾಲದಲ್ಲಿ ಇದರ ದಡಕ್ಕೆ ವರ್ತಕರು, ಯೋಧರು, ಯಾತ್ರಿಕರು ಬರುತ್ತಿದ್ದರು. ಇಂದು ಬರುವವರಲ್ಲಿ ವಿಶ್ರಾಂತಿಯನ್ನು ಅರಸಿ ಬರುವವರೇ ಅಧಿಕ. ಸ್ಪೇನಿನಿಂದ ತುರ್ಕಿಯವರೆಗೆ ಕಡಲಂಚಿನುದ್ದಕ್ಕೂ ವಿಲಾಸ ವಸತಿಗಳು ತಲೆಯೆತ್ತಿವೆ. ಅಲ್ಲಿ ಸ್ನಾನ, ತೈಲಾಭ್ಯಂಗ, ಅಂಗಮರ್ದನಗಳಿಗೆಂದೇ ನಿರ್ಮಿಸಿದ ಮಂದಿರಗಳಿಗೆ ‘ಸ್ಪಾ’ ಎಂದು ಹೆಸರು. ಹೊರದೇಶಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ರಜೆಯ ದಿನಗಳಲ್ಲಿ ಮನೆಮಂದಿಯೊಡನೆ ಇಂತಹ ತಾಣಗಳಿಗೆ ಹೋಗುವುದುಂಟು. ಊರಿನಿಂದ ಹೋದ ಹಿರಿಯರನ್ನೂ ಜೊತೆಗೆ ಕರೆದೊಯ್ಯುವುದುಂಟು. ಆದುದರಿಂದ ಅಂತಹುದೊಂದು ತಾಣವನ್ನು ಕುರಿತು, ಅದರ ನೆರೆಯಲ್ಲಿಯೇ ಇರುವ ಮೂರು ಸಾವಿರ ವರ್ಷಗಳಿಗೂ ಹಿಂದಿನ ಇನ್ನೊಂದು ಸ್ನಾನಗೃಹವನ್ನು ಕುರಿತು ಓದುಗರಿಗೆ ಒಂದಿಷ್ಟು ತಿಳಿಸುವುದು ಅಪ್ರಸ್ತುತವಾಗಲಾರದು.

ಗ್ರೀಸ್ ದೇಶದ ದಕ್ಷಿಣ ಭಾಗವಾದ ಪೆಲೊಪೊನೀಸ್ ಪರ್ಯಾಯ ದ್ವೀಪದ ನೈಋತ್ಯ ಮೂಲೆಗೆ ಮೆಸ್ಸೀನಿಯ ಎಂದು ಹೆಸರು. ಅದರ ಪಶ್ಚಿಮದ ದಡವನ್ನು ತೊಳೆಯುವುದು ಮೆಡಿಟರೇನಿಯನ್ನಿನ ಅಂಗವಾದ ಅಯೋನಿಯನ್ ಸಮುದ್ರ. ಅಥೆನ್ಸ್ ನಗರದಿಂದ ಕಾರಿನಲ್ಲಿ ಹೊರಟರೆ ಮೂರು ಮೂರೂವರೆ ಗಂಟೆಗಳ ಪ್ರಯಾಣ. ಬೆಟ್ಟಗಳ ಸಾಲು ಮುಗಿದೊಡನೆ ಕಣ್ಣಳತೆಯವರೆಗೂ ಆಲಿವ್ ತೋಪುಗಳು. ಬೂದು ಬೆರೆತ ಹಸುರಿನ ಆ ಎಲೆಗಳು ಗಾಳಿಗೆ ಮಗುಚಿದಾಗ ಬೆಳ್ಳಿಯ ಬಣ್ಣ ತಾಳುತ್ತವೆ. ತೋಪುಗಳಾಚೆ ಕಡಲು, ಕಡಲ ಮಗ್ಗುಲಲ್ಲಿ ಪಿಲೋಸ್ ಎಂಬ ಸಣ್ಣ ಊರು. ಅದರ ಮುಂದಿನ ಕೊಲ್ಲಿಯೇ ನವರಿನೋ. 1827ರ ಅಕ್ಟೋಬರ್ 20ರಂದು ಬ್ರಿಟಿಷ್, ಫ್ರೆಂಚ್ ಮತ್ತು ರಷ್ಯನ್ ನೌಕಾಬಲಗಳು ಒಟ್ಟುಗೂಡಿ ಆಟೊಮನ್ ಹಾಗೂ ಈಜಿಪ್ಟಿನ ಹಡಗುಪಡೆಯನ್ನು ಇದೇ ಕೊಲ್ಲಿಯಲ್ಲಿ ನಾಶಗೊಳಿಸಿದವು. ಗ್ರೀಕರ ಸ್ವಾತಂತ್ರ್ಯಕ್ಕೆ ದಾರಿಮಾಡಿಕೊಟ್ಟ ಕದನವದು.

ಈ ಕೊಲ್ಲಿಗೆ ಸ್ವಲ್ಪ ಉತ್ತರದಲ್ಲಿ, ರೊಮಾನೋಸ್ ಎಂಬ ಹಳ್ಳಿಯ ಮರಳುದಂಡೆಯ ಮೇಲೆ ‘ಕೋಸ್ಟಾ ನವರಿನೋ’ ಎಂಬ ವಿಶ್ರಾಂತಿಧಾಮವಿದೆ. ಇದನ್ನು ಕಟ್ಟಿಸಿದವರು ಇದೇ ಮೆಸ್ಸೀನಿಯದ ಮಣ್ಣಿನ ಮಗ. ವಸಿಲಿಸ್ ಕೊನ್‌ಸ್ಟಂಟಕೊಪುಲೋಸ್ ಎಂಬ ಅವರು ದಿಯವೊಲಿತ್ಸಿ ಗ್ರಾಮದಲ್ಲಿ 1935ರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಹಡಗು ಸೇರಿ, ಕಪ್ತಾನರಾಗಿ, ಬಳಿಕ ಸ್ವಂತ ಹಡಗುಗಳ ಒಡೆಯರಾದರು. ಸಿರಿವಂತರಾದ ಮೇಲೂ ಊರಿನವರು ಅವರನ್ನು ಕರೆಯುತ್ತಿದ್ದುದು ‘ಕಪ್ತಾನ್ ವಸಿಲಿಸ್’ ಎಂದೇ. ಕೃಷಿಯ ಆದಾಯ ಸಾಲದೆ ಮೆಸ್ಸೀನಿಯದ ತರುಣರು ಹಳ್ಳಿ ಬಿಟ್ಟು ಹೋಗುತ್ತಿದ್ದುದನ್ನು ಅವರು ಕಂಡಿದ್ದರು; ತಾವೂ ಹಾಗೆ ಹೋದವರೇ. 1980ರ ದಶಕದಿಂದ ತುಂಡುತುಂಡಾಗಿ ಹೊಲಗಳನ್ನು ಕೊಳ್ಳುತ್ತ ಬಂದರು. ಪರವಾನಗಿಗಳಿಗಾಗಿ, ನ್ಯಾಯಾಲಯದ ವ್ಯಾಜ್ಯಗಳಿಗಾಗಿ ಕಾಯುವುದರಲ್ಲಿ ವರ್ಷಗಳು ಕಳೆದವು. ಕೊನೆಗೆ 2010ರಲ್ಲಿ ಮೊದಲ ಎರಡು ವಸತಿಗೃಹಗಳು ತೆರೆದವು. ಮರುವರ್ಷದ ಜನವರಿಯಲ್ಲಿ ಕಪ್ತಾನರು ತೀರಿಕೊಂಡರು. ಕಾಲು ಶತಮಾನ ಕಾದು ಮಾಡಿದ ಕೆಲಸದ ಫಲವನ್ನು ಅವರು ಕಣ್ಣಾರೆ ಕಂಡುದು ಕೆಲವೇ ತಿಂಗಳು.

ನಾವು ಅಲ್ಲಿಗೆ ಹೋದುದು ಅಕ್ಟೋಬರ್ ಮಾಸದಲ್ಲಿ, ಮಗಳು, ಅಳಿಯ ಹಾಗೂ ಇಬ್ಬರು ಮೊಮ್ಮಕ್ಕಳೊಡನೆ. ಮೊದಲ ಎರಡು ವಸತಿಗೃಹಗಳಲ್ಲಿಯೇ ಏಳು ನೂರಕ್ಕೂ ಹೆಚ್ಚು ಕೋಣೆಗಳಿದ್ದರೂ ದೂರದಿಂದ ಕಟ್ಟಡಗಳು ಕಣ್ಣಿಗೆ ರಾಚುವುದಿಲ್ಲ. ಕಲ್ಲಿನ ಗೋಡೆ, ಹೆಂಚಿನ ಮಾಡು, ತಗ್ಗಾದ ಮನೆಗಳ ಸಾಲು. ನಡುನಡುವೆ ಹಳೆಯ ಆಲಿವ್ ಮರಗಳು. ಕಟ್ಟಡಕ್ಕೂ ಮೈದಾನಕ್ಕೂ ಜಾಗ ಬೇಕಾದಾಗ ಸಾವಿರಾರು ಮರಗಳನ್ನು ಕಡಿಯದೆ, ಬೇರುಸಹಿತ ಕಿತ್ತು ಬೇರೆಡೆ ನೆಟ್ಟು ಉಳಿಸಿಕೊಂಡರು. ಮಕ್ಕಳಿಗೆಂದು ಪ್ರತ್ಯೇಕ ಆಟದ ಮನೆ, ಜಾರುಬಂಡೆಗಳುಳ್ಳ ನೀರಿನ ಕೊಳಗಳು, ಸೈಕಲ್ ದಾರಿಗಳು ಇವೆ. ಮೊಮ್ಮಕ್ಕಳು ನೀರಿಗಿಳಿದರೆ ಮೇಲೆ ಬರಿಸುವುದೇ ಅವರ ತಾಯಿಗೆ ನಿತ್ಯದ ಕೆಲಸವಾಯಿತು. ಹಿರಿಯರಿಗೆ ಮರದ ನೆರಳು, ಕಡಲಿನ ಸದ್ದು, ಓದಲು ಬೇಕಾದಷ್ಟು ಬಿಡುವು.

ಇಲ್ಲಿನ ಸ್ನಾನಮಂದಿರದ ಹೆಸರು ಅನಜೋಯಿ. ವಿಸ್ತೀರ್ಣ ನಾಲ್ಕು ಸಾವಿರ ಚದರ ಮೀಟರುಗಳು. ಬಿಸಿನೀರಿನ ಕೊಳ, ಹಬೆಯ ಕೋಣೆಗಳು, ಎಣ್ಣೆ ತಿಕ್ಕುವ ಮಂಚಗಳು. ಆಲಿವ್ ಎಣ್ಣೆಯ ಅಭ್ಯಂಗ ಇಲ್ಲಿನ ವಿಶೇಷ. ಎಣ್ಣೆನೀರಿನ ಸುಖವನ್ನು ನಮ್ಮ ಓದುಗರಿಗೆ ಬಣ್ಣಿಸಬೇಕಾದುದಿಲ್ಲ. ಆದರೆ ಈ ಅಭ್ಯಂಗಕ್ಕೆ ಸ್ಫೂರ್ತಿ ನೆರೆಯ ಗುಡ್ಡದ ಮೇಲೆ ದೊರೆತ ಮಣ್ಣಿನ ಫಲಕಗಳೆಂದು ಕೇಳಿದಾಗ ನಮ್ಮ ಕುತೂಹಲ ಕೆರಳಿತು. ಮರುದಿನ ಬೆಳಿಗ್ಗೆಯೇ ಮಕ್ಕಳನ್ನು ನೀರಿನಿಂದ ಎಬ್ಬಿಸಿಕೊಂಡು ಆ ಗುಡ್ಡಕ್ಕೆ ಹೊರಟೆವು.

ಗುಡ್ಡದ ಹೆಸರು ಆನೋ ಎಂಗ್ಲಿಯಾನೋಸ್. ಅಮೆರಿಕದ ಪುರಾತತ್ತ್ವಜ್ಞ ಕಾರ್ಲ್ ಬ್ಲೇಗನ್ ಅವರು ಗ್ರೀಕ್ ವಿದ್ವಾಂಸ ಕುರುನಿಯೋಟಿಸ್ ಅವರೊಡಗೂಡಿ 1939ರಲ್ಲಿ ಇಲ್ಲಿ ಅಗೆಯಲು ತೊಡಗಿದರು. ಮೊದಲ ಕಂದಕವೇ ನೇರವಾಗಿ ಅರಮನೆಯ ದಫ್ತರಖಾನೆಯ ಮೂಲಕ ಹಾಯ್ದಿತ್ತು! ಬರಹವಿದ್ದ ಮಣ್ಣಿನ ಫಲಕಗಳು ಆ ವರ್ಷವೇ ನೂರಾರು ಸಂಖ್ಯೆಯಲ್ಲಿ ದೊರೆತವು. ಮಹಾಯುದ್ಧದಿಂದಾಗಿ ಉತ್ಖನನ ನಿಂತು, 1952ರಲ್ಲಿ ಮತ್ತೆ ಆರಂಭವಾಯಿತು. ಅದೇ ವರ್ಷ ಮೈಕೆಲ್ ವೆಂಟ್ರಿಸ್ ಎಂಬ ಮೂವತ್ತರ ಹರೆಯದ ಆಂಗ್ಲ ವಾಸ್ತುಶಿಲ್ಪಿ, ‘ಲೀನಿಯರ್ ಬಿ’ ಎಂಬ ಆ ಲಿಪಿಯನ್ನು ಬಿಡಿಸಿ, ಅದರ ಭಾಷೆ ಗ್ರೀಕ್ ಎಂದು ತೋರಿಸಿಕೊಟ್ಟರು. ಬಾಲ್ಯದಿಂದ ಹಸ್ತಪ್ರತಿಗಳ ನಡುವೆಯೇ ಬೆಳೆದ ನಮಗೆ ಆ ಸಾಧನೆಯ ಶ್ರಮ ಎಷ್ಟೆಂಬುದು ಚೆನ್ನಾಗಿ ಅರಿವಾಗುತ್ತದೆ.

ಹೋಮರ್ ಮಹಾಕವಿ ಹಾಡಿದ ವೃದ್ಧರಾಜ ನೆಸ್ಟರನ ಹೆಸರಿನಿಂದಲೇ ಈ ಅರಮನೆ ಖ್ಯಾತವಾಗಿದೆ. ಕ್ರಿ.ಪೂ. 1180ರ ಸುಮಾರಿಗೆ ಇದು ಬೆಂಕಿಗೆ ಆಹುತಿಯಾಯಿತು. ಲೆಕ್ಕಿಗರು ಹಸಿಮಣ್ಣಿನ ಮೇಲೆ ಗೀಚಿ ಒಣಗಿಸಿಟ್ಟ ಫಲಕಗಳು ಆ ಬೆಂಕಿಯಲ್ಲಿ ಬೆಂದು ಗಟ್ಟಿಯಾದವು. ಅರಮನೆ ಉರಿದುಹೋಯಿತು, ಅದರ ಲೆಕ್ಕಪತ್ರ ಮಾತ್ರ ಉಳಿಯಿತು. ಇಂದು ಆ ಅವಶೇಷಗಳ ಮೇಲೆ ವಿಶಾಲವಾದ ಹೊಸ ಚಾವಣಿಯಿದೆ. 2016ರಿಂದ ಪ್ರವಾಸಿಗರು ಎತ್ತರದ ಅಟ್ಟಣೆಯ ಮೇಲೆ ನಡೆಯುತ್ತ ಕೋಣೆಗಳನ್ನು ಮೇಲಿನಿಂದ ನೋಡಬಹುದು. ನಡುಮನೆಯಲ್ಲಿ ದುಂಡಗಿನ ದೊಡ್ಡ ಅಗ್ಗಿಷ್ಟಿಕೆ. ಅದರಿಂದ ಸ್ವಲ್ಪ ಸರಿದರೆ ಒಂದು ಸಣ್ಣ ಕೋಣೆ. ಅದರಲ್ಲಿ ಸುಟ್ಟ ಮಣ್ಣಿನ ಸ್ನಾನದ ತೊಟ್ಟಿ, ಒಳಗೆ ಸುರುಳಿಯ ಚಿತ್ತಾರ, ಪಕ್ಕದಲ್ಲಿ ಹತ್ತಿ ಇಳಿಯಲು ಮೆಟ್ಟಿಲು. ಮೂಲೆಯ ಕಟ್ಟೆಯಲ್ಲಿ ಎರಡು ದೊಡ್ಡ ಜಾಡಿಗಳು ಕುಳಿತಿವೆ.

ಹೋಮರನ ‘ಒಡಿಸ್ಸಿ’ ಕಾವ್ಯದ ಮೂರನೆಯ ಸರ್ಗದಲ್ಲಿ ತಂದೆಯನ್ನು ಹುಡುಕುತ್ತ ಟೆಲಿಮಾಕಸ್ ಎಂಬ ತರುಣ ಈ ಪಿಲೋಸಿಗೆ ಬರುತ್ತಾನೆ. ಊಟ ಮುಗಿಯುವವರೆಗೂ ನೆಸ್ಟರನು ಅವನನ್ನು ಯಾರು, ಎಲ್ಲಿಯವನು ಎಂದು ಕೇಳುವುದಿಲ್ಲ. ಮರುದಿನ ನೆಸ್ಟರನ ಕಿರಿಯ ಮಗಳು ಪಾಲಿಕಾಸ್ಟೆ ಆ ಅತಿಥಿಗೆ ಮೀಯಿಸಿ ಎಣ್ಣೆ ಹಚ್ಚುತ್ತಾಳೆ. ಫಲಕಗಳೂ ಸುಗಂಧತೈಲದ ಲೆಕ್ಕವನ್ನು ಹೇಳುತ್ತವೆ. ಗುಲಾಬಿ ಹಾಕಿದ ಎಣ್ಣೆ, ಸೇಜ್ ಎಂಬ ಸುವಾಸನೆಯ ಸೊಪ್ಪಿನ ಎಣ್ಣೆ, ಜೇಕಿನ ಜಾತಿಯ ಸುಗಂಧಗಡ್ಡೆ ಬೆರೆಸಿದ ಎಣ್ಣೆ ಎಂದು ಬಗೆಬಗೆಯಾಗಿ ಬರೆದಿಟ್ಟಿದ್ದಾರೆ. ವಿಶ್ರಾಂತಿಧಾಮದವರು ಸ್ಫೂರ್ತಿಯೆಂದು ಹೇಳುವುದು ಇವನ್ನೇ.

ನಾವು ತೊಟ್ಟಿಯನ್ನು ನೋಡುತ್ತಿರುವಾಗ ಹಿರಿಯ ಮೊಮ್ಮಗಳು, “ಅಜ್ಜಾ, ಇಲ್ಲಿ ನಲ್ಲಿ ಇಲ್ಲವಲ್ಲ, ನೀರು ಯಾರು ತಂದು ಹಾಕುತ್ತಿದ್ದರು?” ಎಂದು ಕೇಳಿದಳು. ಈ ಪ್ರಶ್ನೆಗೂ ಫಲಕಗಳಲ್ಲಿಯೇ ಉತ್ತರವಿದೆ. ಪಿಲೋಸಿನ ದಫ್ತರದಲ್ಲಿ ದುಡಿಯುವ ಹೆಂಗಸರ ಪಟ್ಟಿಗಳು ಅನೇಕ: ಹಿಟ್ಟು ಬೀಸುವವರು, ನೂಲುವವರು, ಬಟ್ಟೆ ನೇಯುವವರು. ಅವರ ನಡುವೆ ‘ಸ್ನಾನಕ್ಕೆ ನೀರು ಹೊಯ್ಯುವವರು’ ಎಂಬ ಒಂದು ಗುಂಪೂ ಇದೆ. ಹೆಂಗಸರು ಇಷ್ಟು, ಅವರ ಹೆಣ್ಣುಮಕ್ಕಳು ಇಷ್ಟು, ಗಂಡುಮಕ್ಕಳು ಇಷ್ಟು ಎಂದು ಎಣಿಸಿ, ಅವರಿಗೆ ಅಳೆದುಕೊಡುವ ಧಾನ್ಯವನ್ನೂ ಅಂಜೂರವನ್ನೂ ಲೆಕ್ಕಿಗ ಬರೆದಿಟ್ಟಿದ್ದಾನೆ. ಮಕ್ಕಳಿಗೆ ದೊಡ್ಡವರ ಅರ್ಧ ಪಾಲು. ಅವರಾರ ಹೆಸರೂ ಅಲ್ಲಿಲ್ಲ. ಕೆಲವು ಗುಂಪುಗಳ ಹೆಂಗಸರನ್ನು ಮಿಲೆಟಸ್, ಕ್ನಿಡೋಸ್, ಲೆಮ್ನೋಸ್ ಮೊದಲಾದ ಕಡಲಾಚೆಯ ಊರುಗಳಿಂದ ಗುರುತಿಸಲಾಗಿದೆ. ಅವರು ಸೆರೆಸಿಕ್ಕಿ ಬಂದವರಾಗಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕಾವ್ಯದಲ್ಲಿ ರಾಜಪುತ್ರಿಯೊಬ್ಬಳು ಅತಿಥಿಗೆ ಮೀಯಿಸಿದಳು. ದಿನದಿನವೂ ನೀರು ಹೊತ್ತವರು ಯಾರೆಂಬುದನ್ನು ಹೇಳುವುದು ಮಾತ್ರ ಈ ಮಣ್ಣಿನ ಪಟ್ಟಿ. ಮೊಮ್ಮಗಳಿಗೆ ಇಷ್ಟನ್ನು ತಿಳಿಯುವಂತೆ ಹೇಳಿದೆವು. ಅವಳು ಕೇಳಿದ ಮುಂದಿನ ಪ್ರಶ್ನೆ: “ಆ ಮಕ್ಕಳಿಗೆ ಆಟಕ್ಕೆ ಬಿಡುತ್ತಿದ್ದರಾ?” ಅದಕ್ಕೆ ಫಲಕಗಳಲ್ಲಿ ಉತ್ತರವಿಲ್ಲ.

ವಸತಿಗೆ ಮರಳಿದ ಮೇಲೆ ನಮಗೆ ಕೊಳದ ನೀರಿಗಿಂತ ಅದರ ಸುತ್ತ ಓಡಾಡುವವರೇ ಹೆಚ್ಚಾಗಿ ಕಣ್ಣಿಗೆ ಬೀಳತೊಡಗಿದರು. ಒಗೆದ ವಸ್ತ್ರಗಳನ್ನು ಮಡಿಸುವವರು, ಎಣ್ಣೆ ಕಾಯಿಸುವವರು, ನೆಲ ಒರೆಸುವವರು. ಇವರು ಸೆರೆಯಾಳುಗಳಲ್ಲ, ಕೂಲಿಗೂ ಕಾನೂನಿಗೂ ಹಕ್ಕುಳ್ಳ ಸ್ವತಂತ್ರರು. ಮೂರು ಸಾವಿರ ವರ್ಷಗಳ ನಡುವಣ ಈ ಅಂತರ ಸಣ್ಣದೇನಲ್ಲ. ಆದರೂ ಗ್ರೀಸಿನ ಕಡಲತೀರದ ಹೋಟೆಲುಗಳಲ್ಲಿ ಬಹುಪಾಲು ಚಳಿಗಾಲದಲ್ಲಿ ಮುಚ್ಚುತ್ತವೆ. ದುಡಿಯುವವರಿಗೆ ಸಂಬಳವೂ ಋತುವಿನೊಡನೆ ಬಂದು ಹೋಗುತ್ತದೆ. ಚಳಿಗಾಲದಲ್ಲಿ ಇಲ್ಲಿನ ಎಷ್ಟೋ ಮನೆತನಗಳಿಗೆ ಆಧಾರ ಆಲಿವ್ ಕೊಯ್ಲು. ಕಪ್ತಾನರು ಬಯಸಿದಂತೆ ತರುಣರು ಊರಲ್ಲಿ ನಿಲ್ಲಬೇಕಾದರೆ ತೋಪೂ ಉಳಿಯಬೇಕು, ನೀರೂ ಉಳಿಯಬೇಕು.

ನೀರಿನ ವಿಚಾರ ಇಲ್ಲಿ ಸಣ್ಣದಲ್ಲ. ಬೇಸಿಗೆಯಲ್ಲಿ ಈ ಸೀಮೆಗೆ ಮಳೆ ಇಲ್ಲವೆಂದೇ ಹೇಳಬೇಕು. ವಿಶ್ರಾಂತಿಧಾಮಕ್ಕೆ ಇಂದು ನಾಲ್ಕು ಗಾಲ್ಫ್ ಮೈದಾನಗಳಿದ್ದು, ಹುಲ್ಲು ಹಸಿರಾಗಿರಲು ನೀರು ಬೇಕೇಬೇಕು. ಚಳಿಗಾಲದಲ್ಲಿ ನದಿಯ ಹೆಚ್ಚುವರಿ ನೀರನ್ನು ಕೆರೆಗಳಲ್ಲಿ ಕೂಡಿಟ್ಟು, ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುವ ಏರ್ಪಾಡಿದೆ. ಇದು ಮೆಚ್ಚಬೇಕಾದ ಕ್ರಮ. ಆದರೂ ಒಣಸೀಮೆಯಲ್ಲಿ ಆಟದ ಹುಲ್ಲಿಗೆ ನೀರೆಷ್ಟು ಸಲ್ಲಬೇಕು ಎಂಬ ಪ್ರಶ್ನೆ ಕೆರೆ ಕಟ್ಟಿದ ಮಾತ್ರಕ್ಕೆ ಮುಗಿಯುವುದಿಲ್ಲ.

ಸಮೀಪದ ಯಾಲೋವ ಹಿನ್ನೀರಿನ ಬಯಲು ಆಫ್ರಿಕಕ್ಕೆ ಹಾರುವ ಹಕ್ಕಿಗಳಿಗೆ ಕಡಲು ದಾಟುವ ಮೊದಲು ತಂಗುದಾಣ. ಯುರೋಪಿನಲ್ಲಿ ಆಫ್ರಿಕದ ಊಸರವಳ್ಳಿ ನೆಲೆಸಿರುವುದೂ ಇಲ್ಲಿಯೇ. ದಂಡೆಯ ಮರಳಿನಲ್ಲಿ ಅದು ಮೊಟ್ಟೆಯಿಡುವುದರಿಂದ ಗುರುತಿಸಿದ ಕಾಲುದಾರಿ ಬಿಟ್ಟು ನಡೆಯಬಾರದು. ಹಿನ್ನೀರಿಗೂ ಕಡಲಿಗೂ ನಡುವೆ ಇರುವುದೇ ವೊಯ್ದೊಕಿಲಿಯ ಕೊಲ್ಲಿ. ಬಳೆಯನ್ನು ಒಂದೆಡೆ ಮುರಿದಿಟ್ಟಂತಹ ಮರಳುದಂಡೆ, ಆಳವಿಲ್ಲದ ತಿಳಿನೀರು, ಮೇಲೆ ಗುಡ್ಡದ ತುದಿಯಲ್ಲಿ ಹಾಳುಬಿದ್ದ ಕೋಟೆ. ಇಲ್ಲಿ ಒಂದು ಅಂಗಡಿಯೂ ಇಲ್ಲ, ಪ್ರವೇಶಕ್ಕೆ ಹಣವೂ ಇಲ್ಲ. ಗ್ರೀಸಿನ ಕಾನೂನಿನಂತೆ ಕಡಲತೀರ ಸಾರ್ವಜನಿಕರ ಸ್ವತ್ತು. ಮೊಮ್ಮಕ್ಕಳನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಅವರು ಮೊದಲ ಸ್ಥಾನ ಕೊಡುವುದು ಈ ದಂಡೆಗೆ.

ಹೋಗಬಯಸುವ ಕುಟುಂಬಗಳಿಗೆ ಕೆಲವು ಸೂಚನೆಗಳು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲೂ ಜನಜಂಗುಳಿಯೂ ಅಧಿಕ. ಮೇ, ಜೂನ್, ಸೆಪ್ಟೆಂಬರ್, ಅಕ್ಟೋಬರ್ ಹಿರಿಯರಿಗೂ ಮಕ್ಕಳಿಗೂ ಹಿತ. ಷೆಂಗೆನ್ ವೀಸಾ ಬೇಕು. ವಿಲಾಸ ವಸತಿಯ ಬಾಡಿಗೆ ಎಲ್ಲರ ಕೈಗೆಟುಕುವಂತಹುದಲ್ಲ. ಪಿಲೋಸ್ ಮತ್ತು ಯಾಲೋವ ಊರುಗಳಲ್ಲಿ ಸಾಧಾರಣ ಕೋಣೆಗಳು ದೊರೆಯುತ್ತವೆ, ಅರಮನೆಯೂ ಕಡಲೂ ಅವರಿಗೂ ಅಷ್ಟೇ ಸಮೀಪ. ಊಟದ ಚಿಂತೆ ಬೇಡ. ಮೆಡಿಟರೇನಿಯನ್ ಆಹಾರಪದ್ಧತಿಯನ್ನು ಯುನೆಸ್ಕೊ ಸಂಸ್ಥೆ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಗ್ರೀಸಿನ ಪರವಾಗಿ ಆಯ್ಕೆಯಾದುದು ಇದೇ ಮೆಸ್ಸೀನಿಯದ ಕೊರೋನಿ ಊರು. ಬೇಯಿಸಿದ ಸೊಪ್ಪು, ದೊಡ್ಡ ಅವರೆಯಂತಹ ಕಾಳು, ಬದನೆ, ಅಂಜೂರ, ರೊಟ್ಟಿ ಎಲ್ಲೆಡೆ ಸಿಗುತ್ತವೆ. ಸಸ್ಯಾಹಾರಿಗಳು ‘ನಿಸ್ತಿಸಿಮೊ’ ಎಂದು, ಅಂದರೆ ಉಪವಾಸದ ಅಡುಗೆ ಎಂದು, ಕೇಳಿದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಖಾದ್ಯ ಬರುತ್ತದೆ. ಅವರ ಉಪವಾಸದಲ್ಲಿ ಚಿಪ್ಪುಮೀನು, ಸಿಗಡಿಗಳು ನಿಷಿದ್ಧವಲ್ಲವಾದುದರಿಂದ ಅದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.

ದೇಹಕ್ಕೆ ವಿಶ್ರಾಂತಿ ಬೇಕೆಂಬುದು ನಿರ್ವಿವಾದ. ದುಡಿದು ದಣಿದ ಮಕ್ಕಳು ವರ್ಷದಲ್ಲಿ ನಾಲ್ಕು ದಿನ ತಾಯಿತಂದೆಯರೊಡನೆ, ಮಕ್ಕಳೊಡನೆ ಕಡಲಂಚಿನಲ್ಲಿ ಕಳೆದರೆ ಅದನ್ನು ವಿಲಾಸವೆಂದು ತೆಗಳುವುದು ಸಲ್ಲದು. ಆದರೆ ಹೋದವರು ಸಮೀಪದ ಗುಡ್ಡವನ್ನೂ ಹತ್ತಿಬರಲಿ, ಆ ಮಣ್ಣಿನ ತೊಟ್ಟಿಯನ್ನು ಮಕ್ಕಳಿಗೆ ತೋರಿಸಲಿ. ತಮಗೆ ನೀರು ಕೊಟ್ಟವರ, ಹಾಸಿಗೆ ಹಾಸಿದವರ ಹೆಸರು ಕೇಳಿ ತಿಳಿದು, ಹೊರಡುವಾಗ ಆ ಹೆಸರು ಹಿಡಿದು ಕರೆದು ಕೃತಜ್ಞತೆ ಹೇಳಲಿ. ನೆಸ್ಟರನ ಲೆಕ್ಕಿಗ ಬರೆಯದೆ ಬಿಟ್ಟುದನ್ನು ನಮ್ಮ ಮಕ್ಕಳು ನೆನಪಿನಲ್ಲಿಟ್ಟುಕೊಂಡರೆ ಆ ಪ್ರಯಾಣಕ್ಕೆ ತೆತ್ತ ಹಣ ವ್ಯರ್ಥವಾಗದು.