ಉರಿಯುವ ಮಣ್ಣಿನ ನಾಡಿನಲ್ಲಿ

ಮಣ್ಣನ್ನು ಅಗೆದು, ಒಣಗಿಸಿ, ಒಲೆಗಿಟ್ಟು ಚಳಿ ಕಾಯಿಸಿಕೊಳ್ಳುವ ಜನರಿದ್ದಾರೆ ಎಂದರೆ ನಮ್ಮ ಹಳ್ಳಿಯ ಅಜ್ಜಿಯರು ನಂಬಲಾರರು. ಸೌದೆ ಗೊತ್ತು, ಬೆರಣಿ ಗೊತ್ತು, ತೆಂಗಿನ ಗರಿ, ಮಟ್ಟೆ, ಚಿಪ್ಪು ಗೊತ್ತು. ಮಣ್ಣು ಉರಿಯುವುದನ್ನು ಎಲ್ಲಿ ಕಂಡಿರಿ ಎಂದು ಕೇಳಿಯಾರು. ಆದರೆ ಐರ್ಲೆಂಡಿನಲ್ಲಿ ಮಣ್ಣು ಉರಿಯುತ್ತದೆ. ಶತಮಾನಗಳ ಕಾಲ ಅಲ್ಲಿನ ಬಡವರ ಮನೆಗಳನ್ನು ಬೆಚ್ಚಗಿಟ್ಟದ್ದು ಅದೇ; ಕಳೆದ ಶತಮಾನದಲ್ಲಿ ಆ ದೇಶದ ವಿದ್ಯುದ್ದೀಪಗಳನ್ನು ಬೆಳಗಿದ್ದೂ ಅದೇ. ಅದರ ಹೆಸರು ಪೀಟ್. ಅಲ್ಲಿನವರ ಆಡುಮಾತಿನಲ್ಲಿ ಟರ್ಫ್.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಡಬ್ಲಿನ್ನಿನ ಮಗಳ ಮನೆಗೆ ಹೋಗಿದ್ದಾಗ ಈ ಮಣ್ಣಿನ ಸೀಮೆಯನ್ನು ನೋಡಲೇಬೇಕೆನಿಸಿತು. ಪೀಟ್, ಲಿಗ್ನೈಟ್, ಬಿಟುಮಿನಸ್, ಆಂಥ್ರಸೈಟ್ ಎಂದು ಕಲ್ಲಿದ್ದಲಿನ ನಾಲ್ಕು ಮೆಟ್ಟಿಲುಗಳನ್ನು ಇಪ್ಪತ್ತೈದು ವರ್ಷಗಳಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದವನು ನಾನು. ಮೊದಲ ಮೆಟ್ಟಿಲನ್ನು ಕಣ್ಣಾರೆ ಕಂಡಿರಲಿಲ್ಲ. ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ಟಲ್ಲಮೋರ್. ಅದು ಆಫಲಿ ಕೌಂಟಿಯ ಮುಖ್ಯ ಪಟ್ಟಣ. ನಮ್ಮ ಜಿಲ್ಲಾ ಕೇಂದ್ರವಿದ್ದಂತೆ. ಬೆಟ್ಟವೆಂಬುದೇ ಅಪರೂಪವಾದ, ಅಂಗೈಯಂತೆ ಸಪಾಟಾದ ನಡುನಾಡು. ದೇಶದ ಪೀಟ್ ಉದ್ಯಮದ ತವರು ಇದೇ.

ವರ್ಷಕ್ಕೊಂದು ಮಿಲಿಮೀಟರ್

ಟಲ್ಲಮೋರ್ ದಾಟಿದರೆ ಮುಂದಿನ ನಿಲ್ದಾಣ ಕ್ಲಾರಾ. ಊರಿನ ಪಕ್ಕದಲ್ಲೇ ಕ್ಲಾರಾ ಜೌಗು ಇದೆ. 1987ರಿಂದ ಅದು ಸರ್ಕಾರದ ರಕ್ಷಿತ ನಿಸರ್ಗಧಾಮ. ಯಂತ್ರಗಳ ಬಾಯಿಗೆ ಬೀಳದೆ ಉಳಿದ ಕೆಲವೇ ಜೌಗುಗಳಲ್ಲಿ ಇದೂ ಒಂದು. ನೆಲದ ಮೇಲೆ ಕಾಲಿಡುವಂತಿಲ್ಲ, ಹಲಗೆಯ ದಾರಿಯ ಮೇಲೆಯೇ ನಡೆಯಬೇಕು. ಹಲಗೆಯ ಅಂಚಿನಲ್ಲಿ ಕೂತು ಒಂದು ಹಿಡಿ ಪಾಚಿಯನ್ನು ಮೆಲ್ಲಗೆ ಒತ್ತಿದೆ. ನೀರಲ್ಲಿ ನೆನೆದ ಸ್ಪಂಜಿನಂತೆ ಬೆರಳ ಸಂದಿಯಿಂದ ನೀರು ಸುರಿಯಿತು. ಇದೇ ಸ್ಫ್ಯಾಗ್ನಮ್. ತನ್ನ ಒಣತೂಕದ ಹತ್ತಿಪ್ಪತ್ತು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ಹಾವಸೆ ಸಸ್ಯ. ಅದರ ನಡುವೆ ಕೆಂಪು ಅಂಟುಹನಿ ಹೊತ್ತು ನೊಣಗಳಿಗಾಗಿ ಕಾದಿರುವ ಕೀಟಾಹಾರಿ ಡ್ರಾಸೆರಾ. ಪಠ್ಯಪುಸ್ತಕದ ಚಿತ್ರ ಜೀವ ತಳೆದಂತಿತ್ತು.

ಹಿಮಯುಗ ಮುಗಿದು ಹಿಮದ ಹಾಸು ಕರಗಿದಾಗ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಇಲ್ಲೆಲ್ಲ ಆಳವಿಲ್ಲದ ಕೆರೆಗಳಿದ್ದವು. ಅವುಗಳಲ್ಲಿ ಆಪು, ಪಾಚಿ ಬೆಳೆದು ಸತ್ತವು. ನೀರಿನಡಿ ಆಮ್ಲಜನಕವಿಲ್ಲ. ಸ್ಫ್ಯಾಗ್ನಮ್ ನೀರನ್ನು ಆಮ್ಲೀಯವೂ ಮಾಡುತ್ತದೆ. ಹಾಗಾಗಿ ಸತ್ತ ಸಸ್ಯ ಪೂರ್ತಿ ಕೊಳೆಯುವುದಿಲ್ಲ. ನಮ್ಮ ಉಪ್ಪಿನಕಾಯಿಯಂತೆ ಉಳಿದುಬಿಡುತ್ತದೆ. ಅದರ ಮೇಲೆ ಮತ್ತೊಂದು ಪದರ. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಹೀಗೆ ಹಲವು ಮೀಟರ್ ದಪ್ಪದ ಕಂದು ಮಣ್ಣಾಯಿತು. ಸತ್ತ ಗಿಡ ಮಾತ್ರವಲ್ಲ, ಮನುಷ್ಯರೂ ಹೀಗೆ ಉಳಿದಿದ್ದಾರೆ. 2003ರಲ್ಲಿ ಇದೇ ಕೌಂಟಿಯ ಕ್ರೋಗನ್ ಬೆಟ್ಟದ ಬಳಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೆಯ ದೇಹವೊಂದು ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಬೆರಳ ಉಗುರುಗಳು ಇಂದಿಗೂ ಹಾಗೇ ಇವೆ.

ಭೂಮಿಯ ನೆಲಭಾಗದಲ್ಲಿ ಪೀಟ್ ಇರುವುದು ನೂರಕ್ಕೆ ಮೂರರಷ್ಟು ಜಾಗದಲ್ಲಿ. ಆದರೆ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿ ಹೂತಿದೆ. ಸುಟ್ಟರೆ ಅಷ್ಟೇ ಶಾಖಕ್ಕೆ ಕಲ್ಲಿದ್ದಲಿಗಿಂತಲೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಸುಡದೆ, ಬರೀ ನೀರು ಬಸಿದು ಬಿಟ್ಟರೂ ಸಾಕು. ಗಾಳಿ ಒಳಹೊಕ್ಕು, ಸೂಕ್ಷ್ಮಜೀವಿಗಳು ಕೆಲಸ ಶುರುಮಾಡಿ ಆ ಇಂಗಾಲವನ್ನು ಆಕಾಶಕ್ಕೆ ಹಾರಿಸುತ್ತವೆ. ಜೌಗನ್ನು ಉಳಿಸಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸಲಿಕೆಯಿಂದ ಯಂತ್ರಕ್ಕೆ

ಆದರೆ ಈ ಮಣ್ಣಿನ ಇನ್ನೊಂದು ಮುಖವನ್ನೂ ನೋಡಬೇಕು. ಹಿಂದೆ ಒಂದೊಂದು ಕುಟುಂಬವೂ ತನ್ನ ಪಾಲಿನ ಜೌಗಿನಲ್ಲಿ 'ಸ್ಲಾನ್' ಎಂಬ ರೆಕ್ಕೆಯುಳ್ಳ ಸಲಿಕೆಯಿಂದ ಇಟ್ಟಿಗೆಯಂತೆ ಮಣ್ಣು ಕತ್ತರಿಸುತ್ತಿತ್ತು. ಐದಾರು ತುಂಡುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ನಾವು ಬೆರಣಿ ಒಣಗಿಸುವಂತೆ ಒಣಗಿಸುತ್ತಿದ್ದರು. ಇಂದು ನಿಮ್ಮದು, ನಾಳೆ ನಮ್ಮದು ಎಂದು ನೆರೆಹೊರೆಯವರೆಲ್ಲ ಕೂಡಿ ಮಾಡುವ ಕೆಲಸಕ್ಕೆ ಐರಿಷ್ ಭಾಷೆಯಲ್ಲಿ 'ಮೆಹಲ್' ಎನ್ನುತ್ತಾರೆ. ನಮ್ಮ ಮುಯ್ಯಾಳು ಪದ್ಧತಿಯೇ ಅದು!

ದೇಶ ಸ್ವತಂತ್ರವಾದ ಮೇಲೆ ಐರ್ಲೆಂಡಿಗೆ ಹೇಳಿಕೊಳ್ಳುವಂಥ ಕಲ್ಲಿದ್ದಲಿರಲಿಲ್ಲ, ಇದ್ದದ್ದು ಜೌಗು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಬರುವುದು ಕುಸಿದಾಗ ಡಬ್ಲಿನ್ನಿನ ಫೀನಿಕ್ಸ್ ಉದ್ಯಾನದಲ್ಲಿ ಪೀಟನ್ನು ಬಣವೆ ಬಣವೆಯಾಗಿ ಒಟ್ಟಿದ್ದರು. 1946ರಲ್ಲಿ 'ಬೋರ್ಡ್ ನಾ ಮೋನಾ' ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. ಹೆಸರಿನ ಅರ್ಥವೇ ಪೀಟ್ ಮಂಡಳಿ. 1950ರಲ್ಲಿ ಪೋರ್ಟಾರ್ಲಿಂಗ್ಟನ್ನಿನಲ್ಲಿ ಪೀಟ್ ಉರಿಸುವ ಮೊದಲ ವಿದ್ಯುತ್ ಸ್ಥಾವರ ಶುರುವಾಯಿತು. ಹದಿನೈದು ಮೀಟರಿಗೊಂದರಂತೆ ಕಾಲುವೆ ತೋಡಿ ಜೌಗನ್ನು ಬಸಿದರು. ಬಿಸಿಲಿದ್ದ ದಿನ ಮೇಲ್ಪದರವನ್ನು ಯಂತ್ರದಿಂದ ತೆಳ್ಳಗೆ ಹೆರೆದು, ಒಣಗಿಸಿ, ರಾಶಿ ಹಾಕಿ, ಪುಟ್ಟ ರೈಲುಗಳಲ್ಲಿ ಸ್ಥಾವರಕ್ಕೆ ಸಾಗಿಸಿದರು. ವಿದೇಶಕ್ಕೆ ಗುಳೆ ಹೋಗುವುದೇ ವಿಧಿ ಎಂಬಂತಿದ್ದ ನಡುನಾಡಿನ ಹುಡುಗರಿಗೆ ಊರಲ್ಲೇ ಸಂಬಳದ ಕೆಲಸ ಸಿಕ್ಕಿತು. ಕಾರ್ಮಿಕರಿಗಾಗಿ ಫ್ರ್ಯಾಂಕ್ ಗಿಬ್ನಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಬಡಾವಣೆಗಳು ಕಿಲ್‌ಕಾರ್ಮಕ್ ಮುಂತಾದ ಊರುಗಳಲ್ಲಿ ಇಂದಿಗೂ ಚೆಂದವಾಗಿ ನಿಂತಿವೆ. ಅಂಗಡಿ, ಶಾಲೆ, ಆಟದ ತಂಡ, ಮದುವೆ, ಎಲ್ಲವೂ ಈ ಸಂಬಳದ ಮೇಲೆಯೇ ನಿಂತವು.

ಮೂರು ಗಡುವುಗಳು

ಟಲ್ಲಮೋರಿನಿಂದ ಮುಂದೆ ರೈಲಿನ ಹಂಗು ಬಿಟ್ಟೆವು. ಅಳಿಯ ಕಾರು ತಂದಿದ್ದರು. ಶ್ಯಾನನ್ ನದಿಯ ದಂಡೆಯ ಶ್ಯಾನನ್‌ಬ್ರಿಜ್‌ಗೆ ಹೋದೆವು. ಹಳೆಯ ಕಲ್ಲಿನ ಸೇತುವೆ, ಒಂದೇ ಬೀದಿಯ ಊರು. ಇಲ್ಲಿದ್ದ 150 ಮೆಗಾವಾಟಿನ ಸ್ಥಾವರ, ಲಾಂಗ್‌ಫರ್ಡ್ ಕೌಂಟಿಯ ಲೇನ್ಸ್‌ಬರೋದಲ್ಲಿದ್ದ 100 ಮೆಗಾವಾಟಿನ ಸ್ಥಾವರ, ಎರಡೂ 2020ರ ಡಿಸೆಂಬರಿನಲ್ಲಿ ನಿಂತವು.

ಹೇಗೆ ನಿಂತವು ಎಂಬುದನ್ನು ಗಮನಿಸಬೇಕು. 2015ರಲ್ಲಿ ಬೋರ್ಡ್ ನಾ ಮೋನಾ, ವಿದ್ಯುತ್ತಿಗಾಗಿ ಪೀಟ್ ತೆಗೆಯುವುದನ್ನು 2030ರ ಹೊತ್ತಿಗೆ ಬಿಡುತ್ತೇವೆ ಎಂದಿತು. ಕಾರ್ಮಿಕರು ಹದಿನೈದು ವರ್ಷದ ಲೆಕ್ಕ ಹಾಕಿಕೊಂಡರು. 2018ರ ಅಕ್ಟೋಬರಿನಲ್ಲಿ 17 ಜೌಗುಗಳನ್ನು ಕೂಡಲೇ ಮುಚ್ಚಿ, ಉಳಿದ 45ನ್ನು ಏಳು ವರ್ಷದೊಳಗೆ ಮುಚ್ಚುವುದಾಗಿ ಹೇಳಿತು. ಗಡುವು 2025ಕ್ಕೆ ಬಂತು. ಅಷ್ಟರಲ್ಲಿ 2019ರ ಜುಲೈನಲ್ಲಿ, ಶ್ಯಾನನ್‌ಬ್ರಿಜ್ ಸ್ಥಾವರವನ್ನು ಕ್ರಮೇಣ ಸಸ್ಯಜನ್ಯ ಇಂಧನಕ್ಕೆ ಬದಲಿಸುವ ಯೋಜನೆಗೆ ಅನುಮತಿ ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ, ದೊಡ್ಡ ಪ್ರಮಾಣದ ಪೀಟ್ ತೆಗೆಯುವಿಕೆಗೆ ಯೋಜನಾ ಅನುಮತಿಯಿಂದ ವಿನಾಯಿತಿ ಕೊಡುವ ನಿಯಮಗಳನ್ನು ಹೈಕೋರ್ಟು ರದ್ದುಮಾಡಿತು. ನವೆಂಬರಿನಲ್ಲಿ ಸ್ಥಾವರಗಳನ್ನು ಮುಚ್ಚುವ ಘೋಷಣೆ. 2020ರ ಬೇಸಿಗೆಯಲ್ಲಿ ಪೀಟ್ ಕೊಯ್ಲು ಸ್ಥಗಿತ. 2021ರ ಜನವರಿಯಲ್ಲಿ, ಇನ್ನೆಂದಿಗೂ ಇಲ್ಲ ಎಂಬ ಅಂತಿಮ ಮಾತು. ಹದಿನೈದು ವರ್ಷವೆಂದು ನಂಬಿದ್ದು ಐದೇ ವರ್ಷದಲ್ಲಿ ಮುಗಿಯಿತು.

ನೆರವು ಬರಲಿಲ್ಲವೆಂದಲ್ಲ. 'ನ್ಯಾಯಯುತ ಪರಿವರ್ತನೆ'ಗೆಂದು 2019ರ ಕೊನೆಗೆ ಸರ್ಕಾರ ಕೀರನ್ ಮಲ್ವಿ ಎಂಬವರನ್ನು ಆಯುಕ್ತರನ್ನಾಗಿ ನೇಮಿಸಿತು. ಕೆಲಸ ಬಿಟ್ಟವರಿಗೆ ಪರಿಹಾರ, ಮರುತರಬೇತಿಯ ವ್ಯವಸ್ಥೆಯಾಯಿತು. ಯುರೋಪಿಯನ್ ಒಕ್ಕೂಟ ತನ್ನ ನಿಧಿಯಿಂದ 8 ಕೋಟಿ 45 ಲಕ್ಷ ಯೂರೋ ಕೊಟ್ಟಿತು; ಐರ್ಲೆಂಡಿನ ಪಾಲೂ ಸೇರಿ ಅದು 16 ಕೋಟಿ 90 ಲಕ್ಷವಾಯಿತು. ಆದರೆ ಆ ಕಾರ್ಯಕ್ರಮಕ್ಕೆ ಒಪ್ಪಿಗೆ ಬಿದ್ದದ್ದು 2022ರ ಡಿಸೆಂಬರಿನಲ್ಲಿ. ಸ್ಥಾವರಗಳ ಬೆಂಕಿ ಆರಿ ಅಷ್ಟು ಹೊತ್ತಿಗೆ ಎರಡು ವರ್ಷ! ಮನೆಯ ಸಾಲದ ಕಂತು ಎರಡು ವರ್ಷ ಕಾಯುತ್ತದೆಯೇ?

ಅದೇ ಕೈಗಳು

ಲಾಕ್ ಬೂರಾದ ಚಹಾದಂಗಡಿಯಲ್ಲಿ ನಿವೃತ್ತ ಕಾರ್ಮಿಕರೊಬ್ಬರು ಮಾತಿಗೆ ಸಿಕ್ಕರು. ಅವರ ತಂದೆಯೂ ಜೌಗಿನ ಕೆಲಸಗಾರರೇ. ತಾವು ಹದಿನೆಂಟಕ್ಕೆ ಯಂತ್ರ ಹತ್ತಿದವರು. ಜೌಗು ಉಳಿಯಬೇಕೆಂಬುದಕ್ಕೆ ತಮ್ಮ ತಕರಾರಿಲ್ಲ ಎಂದರು. ಆದರೆ ಒಂದು ಕಾಲಕ್ಕೆ ದೇಶಕ್ಕೆ ಬೆಳಕು ಕೊಟ್ಟವರೆಂದು ಹೊಗಳಿಸಿಕೊಂಡವರು, ಇದ್ದಕ್ಕಿದ್ದಂತೆ ಭೂಮಿ ಕೆಡಿಸಿದವರೆಂದು ಅನ್ನಿಸಿಕೊಳ್ಳುವುದು ಕಷ್ಟ ಎಂದರು. ಆ ಮಾತಿನಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು.

ಅವರು ಕೂತಿದ್ದ ಜಾಗವೇ ಒಂದು ಉತ್ತರದಂತಿತ್ತು. ಬೂರಾದಲ್ಲಿ ಪೀಟ್ ತೆಗೆದು ಮುಗಿದ ನೆಲ ಈಗ ಕೆರೆ, ಆಪು, ಬರ್ಚ್ ಮರಗಳ ದೊಡ್ಡ ಉದ್ಯಾನ. ಹಳೆಯ ಪೀಟ್ ರೈಲೊಂದನ್ನು ಬಾಗಿದ ಹಳಿಯ ಮೇಲೇರಿಸಿ ಶಿಲ್ಪವಾಗಿಸಿದ್ದಾರೆ. 1977ರಲ್ಲಿ ಇಲ್ಲಿ, ಪೀಟಿನಡಿಯ ಪುರಾತನ ಕೆರೆದಂಡೆಯಲ್ಲಿ, ಎಂಟು ಸಾವಿರ ವರ್ಷಕ್ಕೂ ಹಿಂದಿನ ಬೇಟೆಗಾರರ ಬಿಡಾರದ ಗುರುತುಗಳು ಸಿಕ್ಕವು. ಪೀಟ್ ಬೆಳೆಯುವ ಮುನ್ನವೂ ಈ ನೆಲ ಜನರಿಗೆ ಅನ್ನ ಕೊಟ್ಟಿತ್ತು ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕಿಂತ ಹೆಚ್ಚು ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೊಂದು ಕೆಲಸ. ಬೋರ್ಡ್ ನಾ ಮೋನಾದ ಒಡೆತನದಲ್ಲಿ ಸುಮಾರು 80,000 ಹೆಕ್ಟೇರ್ ನೆಲವಿದೆ. ಅದರಲ್ಲಿ 33,000 ಹೆಕ್ಟೇರನ್ನು ಮತ್ತೆ ತೇವಗೊಳಿಸಲು 2020ರಲ್ಲಿ 12 ಕೋಟಿ 60 ಲಕ್ಷ ಯೂರೋದ ಯೋಜನೆ ಪ್ರಕಟವಾಯಿತು. ಅಂದು ತೋಡಿದ ಕಾಲುವೆಗಳಿಗೆ ಇಂದು ಪೀಟಿನಿಂದಲೇ ಒಡ್ಡು ಕಟ್ಟುವುದು, ನೆಲ ಮಟ್ಟಮಾಡುವುದು, ನೀರು ನಿಲ್ಲುವಂತೆ ನೋಡಿಕೊಳ್ಳುವುದು, ಕೆಲವೆಡೆ ಸ್ಫ್ಯಾಗ್ನಮ್ ನೆಡುವುದು. ಇದನ್ನು ಮಾಡುವವರಲ್ಲಿ ಅದೇ ಪೀಟ್ ಕಾರ್ಮಿಕರಿದ್ದಾರೆ. ಯಾವ ಜೌಗಿನಲ್ಲಿ ಎಲ್ಲಿ ಯಂತ್ರ ಹೂತುಹೋಗುತ್ತದೆ, ನೀರು ಎತ್ತ ಹರಿಯುತ್ತದೆ ಎಂಬುದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಪ್ರತಿಫಲವೂ ಕಾಣುತ್ತಿದೆ. ಸುಮಾರು ಮುನ್ನೂರು ವರ್ಷಗಳಿಂದ ಐರ್ಲೆಂಡಿನಲ್ಲಿ ಸಂತಾನವಿಲ್ಲದೆ ಮಾಯವಾಗಿದ್ದ ಕ್ರೌಂಚ ಹಕ್ಕಿಯ ಜೋಡಿಯೊಂದು ಹೀಗೆ ತೇವಗೊಂಡ ಜೌಗಿನಲ್ಲಿ ಗೂಡು ಕಟ್ಟಿರುವ ಸುದ್ದಿ 2021ರಲ್ಲಿ ಬಂತು. 2022ರಲ್ಲಿ ಮರಿಗಳು ಹಾರಿದವು.

ಆದರೆ ಎಲ್ಲರಿಗೂ ಇಂಥ ಕೆಲಸ ಸಿಕ್ಕಿತೆಂದು ಹೇಳಲಾಗದು. ಒಡ್ಡು ಕಟ್ಟಿ ಮುಗಿದ ಮೇಲೆ ಆ ಕೆಲಸವೂ ಮುಗಿಯುತ್ತದೆ. 2014ರಲ್ಲಿ ಮೌಂಟ್ ಲೂಕಸ್ ಜೌಗಿನಲ್ಲಿ 28 ಗಾಳಿಯಂತ್ರಗಳು ಎದ್ದವು. ನಿಲ್ಲಿಸುವಾಗ ಕೈತುಂಬ ಕೆಲಸ, ತಿರುಗತೊಡಗಿದ ಮೇಲೆ ನೋಡಿಕೊಳ್ಳಲು ಕೆಲವೇ ಜನ ಸಾಕು. ಹೊಸ ಶಕ್ತಿ ಹಳೆಯ ಸಂಬಳದಷ್ಟು ಕೈಗಳನ್ನು ಕೇಳುವುದಿಲ್ಲ.

ನಮ್ಮ ತೆಂಗಿನ ಪುಡಿ

ಈ ಕಥೆಯ ಒಂದು ಎಳೆ ನಮ್ಮ ತಿಪಟೂರು, ಅರಸೀಕೆರೆಯ ಕಡೆಗೂ ಚಾಚಿದೆ. ಪೀಟ್ ಉರುವಲು ಮಾತ್ರವಲ್ಲ, ಯುರೋಪಿನ ಹೂಕುಂಡ, ಅಣಬೆ ಮನೆ, ನರ್ಸರಿಗಳಿಗೆ ಅದೇ ಮಣ್ಣು. ಉರಿಸುವುದು ನಿಂತರೂ ಆ ಬೇಡಿಕೆ ನಿಂತಿಲ್ಲ. ಸ್ವಂತ ಪೀಟ್ ಸಾಲದೆ 2021ರ ಸೆಪ್ಟೆಂಬರಿನಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಹೊತ್ತ ಹಡಗು ಐರ್ಲೆಂಡಿನ ಡ್ರೊಹೆಡಾ ಬಂದರಿಗೆ ಬಂತು. ಒಬ್ಬರ ಜೌಗು ಉಳಿಸಲು ಇನ್ನೊಬ್ಬರ ಜೌಗು ಅಗೆದರೆ ಭೂಮಿಗೇನು ಲಾಭ?

ಪೀಟಿನ ಬದಲಿಗೆ ತೋಟಗಾರರು ಬಳಸುವ ವಸ್ತುಗಳಲ್ಲಿ ಮುಖ್ಯವಾದದ್ದು, ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಹಿಂದೆ ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡೆ ಬಿದ್ದಿರುತ್ತಿದ್ದ ಆ ಪುಡಿಯೇ ಈಗ ಇಟ್ಟಿಗೆಯಾಗಿ ಹಡಗು ಹತ್ತುತ್ತದೆ. ಅದಕ್ಕೆ 'ಕೊಕೊಪೀಟ್' ಎಂಬ ಹೆಸರು ಬಂದದ್ದೇ ಪೀಟಿನಿಂದ. ಡಬ್ಲಿನ್ನಿನ ಮಗಳ ಮನೆಯ ಹೂಕುಂಡದಲ್ಲೂ ಅದೇ ಇತ್ತು. ನಮಗೆ ಸಂತೋಷವೇ. ಆದರೆ ಆ ಪುಡಿಯ ಉಪ್ಪಿನಂಶ ಹೋಗಲಾಡಿಸಲು ಚೆನ್ನಾಗಿ ತೊಳೆಯಬೇಕು, ಅದಕ್ಕೆ ನೀರು ಬೇಕು. ಅಲ್ಲಿ ಜೌಗು ನೆನೆಯಲು ಇಲ್ಲಿ ಬೋರ್‌ವೆಲ್ ಬತ್ತಬಾರದು. ಈ ಲೆಕ್ಕವನ್ನು ನಾವು ಈಗಲೇ ಇಡಬೇಕು.

ಪೀಟ್ ತೆಗೆಯುವುದನ್ನು ನಿಲ್ಲಿಸಿದ್ದು ಸರಿಯೇ. ಹತ್ತು ಸಾವಿರ ವರ್ಷದ ಉಳಿತಾಯವನ್ನು ಕೆಲವೇ ದಶಕಗಳಲ್ಲಿ ಸುಟ್ಟು ಕೂರುವ ಹಕ್ಕು ಯಾವ ತಲೆಮಾರಿಗೂ ಇಲ್ಲ. ಆದರೆ ಆಫಲಿಯಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ. ಪ್ರತಿ ಸಲವೂ ಗಡುವು ಕಾರ್ಮಿಕನ ಕಡೆಗೆ ಓಡಿ ಬಂತು, ನೆರವು ನಡೆದು ಬಂತು. ಎರಡೂ ಒಂದೇ ಹೆಜ್ಜೆಯಲ್ಲಿ ಬಂದಿದ್ದರೆ ಆ ಹಿರಿಯರ ಮಾತಿನಲ್ಲಿ ನೋವು ಅಷ್ಟಿರುತ್ತಿರಲಿಲ್ಲವೇನೋ. ಇಂಥ ಮುಕ್ತಾಯಗಳು ಇನ್ನೂ ಹಲವು ದೇಶಗಳ ಹಲವು ಊರುಗಳಿಗೆ ಬರಲಿವೆ. ನಿಲ್ಲಿಸುವ ದಿನಾಂಕವನ್ನು ಬರೆಯುವ ಕಾಗದದಲ್ಲೇ, ಮರುದಿನ ಆ ಕೈಗಳಿಗೆ ಯಾವ ಕೆಲಸ ಎಂಬುದನ್ನೂ ಬರೆದಿಡುವುದು ಒಳ್ಳೆಯದು.