ಎಡಗೈಗೆ ಗಂಧ, ಬಲಗೈಗೆ ಊದು

ಅತ್ತರು ಕೊಳ್ಳಲು ಹೊಸಪೇಟೆಗೆ ಹೋಗುವ ದಿನ ನಾನು ಪರಿಮಳದ ಸೋಪು ಮುಟ್ಟುವುದಿಲ್ಲ. ಮೂಗು ಖಾಲಿಯಿರಬೇಕು. ಈ ಸಲದ ತಕರಾರು ಶ್ರೀಗಂಧಕ್ಕೂ ಊದಿಗೂ. ಎರಡೂ ಮರದವೇ, ಎರಡೂ ಬೆಚ್ಚಗಿನವೇ. ಸ್ವಭಾವ ಮಾತ್ರ ಬೇರೆ.

ಅಂಗಡಿಯ ಚಾಚಾ ಗಾಜಿನ ಕಡ್ಡಿ ಅದ್ದಿ ಎಡ ಮಣಿಕಟ್ಟಿಗೆ ಗಂಧ, ಬಲಕ್ಕೆ ಊದು ಸವರಿದರು. "ತಿಕ್ಕಬ್ಯಾಡ್ರಿ ಸರ, ಈಗ್ಲೇ ಮೂಸಲೂಬ್ಯಾಡ್ರಿ. ಊರು ಮುಟ್ಟಿದ ಮ್ಯಾಲೆ ನೋಡ್ರಿ." ಮಾರುವವರೇ ತಡೆಯಿರಿ ಅಂದರೆ ನಂಬಬೇಕು.

ನಾನು ತಡೆಯಲಿಲ್ಲ. ಊದು ಮೊದಲಿಗೆ ದನದ ಕೊಟ್ಟಿಗೆಯಂತೆ ಮೂಗಿಗೆ ಬಡಿಯಿತು. ಅಗರು ಮರಕ್ಕೆ ಶಿಲೀಂಧ್ರ ತಗುಲಿದರೆ ಮರ ರಾಳ ಒಸರುತ್ತದೆ, ಚೇಗು ಕಪ್ಪಾಗುತ್ತದೆ. ಆ ಕಪ್ಪೇ ಊದು. ನಿರೋಗಿ ಮರಕ್ಕೆ ಆ ಘಮವಿಲ್ಲ. ಗಂಧಕ್ಕೆ ರೋಗ ಬೇಡ, ವಯಸ್ಸು ಬೇಕು. ನೆರೆಗಿಡಗಳ ಬೇರಿನಿಂದ ಕದ್ದು ತಿಂದು ಅದು ನಿಧಾನಕ್ಕೆ ಚೇಗು ಕಟ್ಟುತ್ತದೆ. ಎಣ್ಣೆಯ ಬಹುಪಾಲು ಸ್ಯಾಂಟಲಾಲ್, ಬೇಗ ಆವಿಯಾಗದು. ಕನೌಜಿನ ಅತ್ತರುಗಾರರು ಗುಲಾಬಿಯ ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿದಿಟ್ಟದ್ದೂ ಅದಕ್ಕೇ. ಮೊದಲ ಮಹಾಯುದ್ಧದಲ್ಲಿ ಕೊರಡುಗಳು ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ, ಮೈಸೂರು ತಾನೇ ಎಣ್ಣೆ ತೆಗೆಯಲು ಕಾರ್ಖಾನೆ ಹಾಕಿತು. (ನನ್ನ ಸಂಬಳಕ್ಕೆ ಸಿಗುವ ಸೀಸೆಯಲ್ಲಿ ಅಸಲು ಎಷ್ಟೆಂದು ಚಾಚಾನನ್ನು ನಾನು ಕೇಳುವುದಿಲ್ಲ.)

ಬಸ್ಸು ಸಂಡೂರು ದಾಟಿತು. ಏಪ್ರಿಲ್ಲಿನ ಮಧ್ಯಾಹ್ನ; ಕಿಟಕಿಯಿಂದ ಬಿಸಿಗಾಳಿ, ಅದಿರು ಲಾರಿಗಳ ಕೆಂಧೂಳು. ಸೆಕೆ ಏರಿದಂತೆ ಊದೂ ಏರಿತು. ಕೊಟ್ಟಿಗೆ ಹೋಗಿ ಹೊಗೆ, ಜೇನು ಬಂದವು, ಚೆನ್ನಾಗಿಯೇ ಇದ್ದವು, ಆದರೆ ಮೂರು ಸೀಟಿನಾಚೆಗೂ ಹರಡಿದವು. ಮುಂದಿನ ಸೀಟಿನ ಅಜ್ಜ ತಿರುಗಿ ಕೇಳಿದರು: "ಯಾರ ಮದಿವಿಗೆ ಹೊಂಟೀರಿ?"

ದೋಣಿಮಲೈ ಕಾಲೊನಿಯಲ್ಲಿಳಿದು ಎಡಗೈ ಮೂಸಿದೆ. ಗಂಧ ಇತ್ತು. ಬೆವರಿನ ಉಪ್ಪಿನ ಜೊತೆ ಹೊಂದಿಕೊಂಡು, ಚರ್ಮಕ್ಕೆ ಮೂಗು ತಾಗಿಸಿದರೆ ಮಾತ್ರ ಸಿಗುವಷ್ಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ವಿಲೇಪನವನ್ನು ರಾಜಭೋಗಗಳಲ್ಲಿ ಎಣಿಸಿ, ಋತುವಿಗೆ ತಕ್ಕ ಲೇಪ ಹೇಳುತ್ತಾನೆ. ಅವನ ಮಾತು ಸರಿ. ಅತ್ತರನ್ನು ಅಂಗಡಿಯ ಫ್ಯಾನಿನಡಿ ಆರಿಸಬಾರದು. ಹಚ್ಚಿಕೊಂಡು ಓಡಾಡುವ ಬಿಸಿಲಲ್ಲೇ ಆರಿಸಬೇಕು.

ಚಾಚಾಗೆ ಫೋನು ಮಾಡಿ ಕಾಲು ತೊಲ ಗಂಧ ಎತ್ತಿಡಲು ಹೇಳಿದೆ. "ಊದು ಬ್ಯಾಡೇನ್ರಿ?" ಅಂದರು. ಡಿಸೆಂಬರಿಗೆ ಬರ್ತೀನಿ, ಅಷ್ಟರೊಳಗೆ ಮಾರಿಬಿಡಬ್ಯಾಡ್ರಿ ಅಂದೆ.