ಮಕ್ಕಳ ಲೆಕ್ಕವೂ ಇಸ್ಪೀಟಿನ ಎಲೆಯೂ

ಇಸ್ಪೀಟೆಂಬುದು ನಮ್ಮ ಮನೆಯಲ್ಲಿ ಆಡಬಾರದ ಮಾತು. ನಮ್ಮ ತಾತನವರು ಪಣವೊಡ್ಡಿ ಆಡಿ, ಊರ ಮುಂದಣ ಗದ್ದೆಯನ್ನು ಕಳೆದುಕೊಂಡಿದ್ದರು. ಅಂದಿನಿಂದ ಆ ಎಲೆಗಳು ಹೊಸ್ತಿಲು ದಾಟಕೂಡದೆಂಬುದು ನಮ್ಮ ತಾಯಿಯವರ ಕಟ್ಟಪ್ಪಣೆ. ಅಂತಹ ಮನೆಗೆ ಅವನ್ನು ನಾವೇ ತಂದೆವೆಂದರೆ ವಾಚಕರು ಆಶ್ಚರ್ಯಪಡಬಹುದು.

ಕಾರಣವಿಷ್ಟೆ. ಆರು ವರ್ಷದ ನಮ್ಮ ಮಗಳಿಗೆ ಲೆಕ್ಕವೆಂದರೆ ಅಂಜಿಕೆ. ಏಳಕ್ಕೆ ಎಷ್ಟು ಕೂಡಿಸಿದರೆ ಹತ್ತೆಂದು ಕೇಳಿದೊಡನೆ, ಲಂಗದ ಮರೆಯಲ್ಲಿ ಬೆರಳೆಣಿಸುತ್ತ ಕಣ್ಣೀರು ತುಂಬಿಕೊಳ್ಳುವಳು. ನಾವು ಗದರಿದೆವು. ಅಂಜಿಕೆ ಇಮ್ಮಡಿಯಾಯಿತೇ ಹೊರತು ಲೆಕ್ಕ ಬರಲಿಲ್ಲ.

ಕಡೆಗೆ ಒಂದು ಕಟ್ಟು ಎಲೆ ತಂದೆವು. “ಗದ್ದೆ ಹೋದದ್ದು ಸಾಲದೇನಪ್ಪ?” ಎಂದರು ತಾಯಿಯವರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ‘ಶ್ರೀತತ್ತ್ವನಿಧಿ’ಯಲ್ಲಿ ಎಲೆಯಾಟಗಳನ್ನು ವರ್ಣಿಸಿರುವರೆಂದೂ, ದಶಾವತಾರದ ಗಂಜೀಫದಲ್ಲಿ ಅವತಾರವೊಂದಕ್ಕೆ 12ರಂತೆ 120 ಎಲೆಗಳಿರುವುವೆಂದೂ ಹೇಳಿನೋಡಿದೆವು. “ದೇವರ ಚಿತ್ರವಿದ್ದರೂ ಪಣವಿಟ್ಟರೆ ಜೂಜೇ” ಎಂದುಬಿಟ್ಟರು. ಮಾತು ನಿಜ. ಒಂದು ಹುಣಿಸೆಬೀಜವನ್ನೂ ಪಣವಾಗಿಡೆವೆಂದು ವಚನಕೊಟ್ಟೆವು.

ಆಟ ಹೀಗೆ: 52 ಎಲೆಗಳಲ್ಲಿ ರಾಜ, ರಾಣಿ, ಗುಲಾಮ, ಹತ್ತು, ಈ 16ನ್ನು ತೆಗೆದಿಡತಕ್ಕದ್ದು. ಎಕ್ಕವನ್ನು ಒಂದೆಂದು ಎಣಿಸತಕ್ಕದ್ದು. ಉಳಿದ 36ನ್ನು ಮುಖ ಮೇಲಾಗಿ ಹರಡಿ, ಕೂಡಿದರೆ 10 ಆಗುವ ಎರಡೆರಡು ಎಲೆಗಳನ್ನು ಸರದಿಯಂತೆ ಎತ್ತಿಕೊಳ್ಳುವುದು. ತಪ್ಪದೆ ಆಡಿದರೆ 18 ಜೊತೆಗಳಾಗಿ ಒಂದೂ ಉಳಿಯದು. ಮೊದಮೊದಲು ಮಗು ಎಲೆಯ ಮೇಲಿನ ಗುರುತುಗಳನ್ನು ಒಂದೊಂದಾಗಿ ಎಣಿಸುತ್ತಿತ್ತು. ಹದಿನೈದು ದಿನಗಳಲ್ಲಿ ಎಣಿಕೆ ನಿಂತು ಕೈಯೇ ಮುಂದಾಯಿತು. ತಪ್ಪಿದರೆ ಗದರುವವರಿಲ್ಲ, ಕಡೆಯಲ್ಲಿ ಕೂಡದೆ ಉಳಿದ ಎಲೆಗಳೇ ತಪ್ಪನ್ನು ತಿಳಿಸುತ್ತಿದ್ದುವು.

ಒಂದು ಸಂಜೆ ಕಳಾವರದ ಮೂರು ಒಂಟಿಯಾಗಿ ಉಳಿಯಿತು. ಎಲೆಯೊಂದು ಕಳೆದಿರಬೇಕೆಂದು ನಾವು ಚಾಪೆಯಡಿ ಹುಡುಕುತ್ತಿರಲು, ಮಗು ಕ್ಷಣಕಾಲ ಯೋಚಿಸಿ, “ಹೋಗಿರುವುದು ಏಳು” ಎಂದಿತು. ಬಳಿಕ, ಮೂಲೆಯಲ್ಲಿ ಬತ್ತಿ ಹೊಸೆಯುತ್ತ ನಗುವನ್ನು ಅಡಗಿಸಲಾರದೆ ಇದ್ದ ಅಜ್ಜಿಯ ಕಡೆ ತಿರುಗಿ, “ಅಜ್ಜೀ, ಅದು ನಿನ್ನ ಹತ್ತಿರವೇ ಇದೆ!” ಎಂದು ಕೂಗಿತು. ತಾಯಿಯವರು ಸೆರಗಿನಡಿಯಿಂದ ಆಟೀನಿನ ಏಳನ್ನು ತೆಗೆದುಕೊಟ್ಟರು. ಐವತ್ತು ವರ್ಷ ಮುಟ್ಟದ ಎಲೆಯನ್ನು ಮೊಮ್ಮಗಳ ಪರೀಕ್ಷೆಗಾಗಿ ಅವರು ಮುಟ್ಟಿದ್ದರು. ಈಗ ಅವರಿಗೂ ಚಾಪೆಯ ಮೇಲೆ ಒಂದು ಸರದಿಯುಂಟು.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಎಲೆಗಳನ್ನು ಒಳಗೆ ತನ್ನಿರಿ; ಪಣವನ್ನೂ ಗದರಿಕೆಯನ್ನೂ ಹೊಸ್ತಿಲ ಹೊರಗೆ ಬಿಡಿರಿ.